ನೀರಿನ ಕೆಲಸಕ್ಕೆ ತುಕ್ಕು ತಡೆಯುವ ಮಡಚುವ ಚಾಕು

ಮಡಚುವ ಜೇಬುಚಾಕು ಚಿಕ್ಕ ಉಪಕರಣವಾದರೂ ರೈತನಿಗೆ ಅದರ ಉಪಯೋಗ ಹಲವು. ಗೊಬ್ಬರದ ಚೀಲ ಬಿಚ್ಚಲು, ಭತ್ತದ ಸಸಿಯ ಕಟ್ಟು ಕತ್ತರಿಸಲು, ಹನಿ ನೀರಾವರಿಯ ಕೊಳವೆ ತುಂಡರಿಸಲು, ಮೀನುಹೊಂಡದಲ್ಲಿ ತೊಡಕಾದ ಬಲೆ ಬಿಡಿಸಲು ಅದು ಬೇಕು. ಕೆರೆಗೆ ಇಳಿದ ಎಮ್ಮೆಯ ಕಾಲಿಗೆ ಹಗ್ಗ ಸುತ್ತಿಕೊಂಡಾಗ ತಕ್ಷಣ ಬೇಕಾಗುವುದೂ ಅದೇ. ಆ ಹೊತ್ತಿನಲ್ಲಿ ಕೀಲು ತುಕ್ಕು ಹಿಡಿದು ಚಾಕು ತೆರೆಯದಿದ್ದರೆ ಪ್ರಾಣಿಯ ಜೀವಕ್ಕೂ ಬಿಡಿಸಲು ಹೋದವರ ಜೀವಕ್ಕೂ ಅಪಾಯ. ಆದ್ದರಿಂದ ಗದ್ದೆ, ಕಾಲುವೆ, ಕೆರೆ ಮತ್ತು ಕಡಲತೀರದಲ್ಲಿ ಕೆಲಸ ಮಾಡುವವರು ಚಾಕುವನ್ನು ವಿಚಾರಮಾಡಿ ಕೊಳ್ಳುವುದು ಒಳ್ಳೆಯದು.

ತುಕ್ಕು ಹಿಡಿಯುವ ಬಗೆ

ಕಬ್ಬಿಣಕ್ಕೆ ನೀರು ಮತ್ತು ಗಾಳಿಯ ಆಮ್ಲಜನಕ ಎರಡೂ ತಗಲಿದಾಗ ತುಕ್ಕು ಹುಟ್ಟುತ್ತದೆ. ಉಕ್ಕಿಗೆ ಸುಮಾರು ಶೇ. 10.5ಕ್ಕಿಂತ ಹೆಚ್ಚು ಕ್ರೋಮಿಯಂ ಬೆರೆಸಿದರೆ ಅದರ ಮೈಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಪೊರೆ ಕಟ್ಟಿಕೊಂಡು ಒಳಗಿನ ಲೋಹವನ್ನು ಕಾಯುತ್ತದೆ. ಗೀರು ಬಿದ್ದರೂ ಗಾಳಿಯಾಡುವ ಕಡೆ ಈ ಪೊರೆ ತಾನಾಗಿಯೇ ಮತ್ತೆ ಕೂಡಿಕೊಳ್ಳುತ್ತದೆ. ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಹ್ಯಾರಿ ಬ್ರಿಯರ್ಲಿ ಎಂಬುವರು 1913ರಲ್ಲಿ ಸುಮಾರು ಶೇ. 13 ಕ್ರೋಮಿಯಂ ಇರುವ ಉಕ್ಕನ್ನು ತಯಾರಿಸಿದರು. ಸ್ಟೇನ್‌ಲೆಸ್ ಚಾಕುಗಳು ಬಳಕೆಗೆ ಬಂದದ್ದು ಆ ನಂತರ.

ಈ ಪೊರೆಯ ದೊಡ್ಡ ಶತ್ರು ಕ್ಲೋರೈಡ್. ಸಮುದ್ರದ ಉಪ್ಪುನೀರಿನಲ್ಲಿ ಇದು ಹೇರಳವಾಗಿದೆ. ಒಳನಾಡಿನ ರೈತರು ಬಳಸುವ ಮ್ಯೂರಿಯೇಟ್ ಆಫ್ ಪೊಟ್ಯಾಷ್ ಗೊಬ್ಬರದಲ್ಲಿಯೂ ತೂಕದ ಸುಮಾರು ಶೇ. 47 ಭಾಗ ಕ್ಲೋರೈಡೇ. ಒದ್ದೆ ಚಾಕುವಿನಿಂದ ಈ ಗೊಬ್ಬರದ ಚೀಲ ಸೀಳಿ ಹಾಗೆಯೇ ಮಡಚಿಟ್ಟರೆ ಒಳ್ಳೆಯ ಸ್ಟೇನ್‌ಲೆಸ್ ಅಲಗಿನಲ್ಲಿಯೂ ಸೂಜಿಮೊನೆಯಷ್ಟು ಕುಳಿಗಳು ಬೀಳುತ್ತವೆ. ಎಂದೆಂದಿಗೂ ತುಕ್ಕು ಹಿಡಿಯದ ಚಾಕು ಉಕ್ಕಿಲ್ಲ. ಬೇಗ ಹಿಡಿಯುವುದು ಮತ್ತು ನಿಧಾನವಾಗಿ ಹಿಡಿಯುವುದು ಎಂಬ ವ್ಯತ್ಯಾಸ ಮಾತ್ರ ಉಂಟು.

ಯಾವ ಉಕ್ಕು ಸೂಕ್ತ?

ಇಂಗಾಲ ಹೆಚ್ಚಾದಷ್ಟೂ ಅಲಗು ಗಟ್ಟಿಯಾಗಿ ಹರಿತ ಹೆಚ್ಚು ದಿನ ನಿಲ್ಲುತ್ತದೆ. ಆದರೆ ಅದೇ ಇಂಗಾಲವು ಕ್ರೋಮಿಯಂನ ಒಂದು ಪಾಲನ್ನು ತನ್ನೊಡನೆ ಕಟ್ಟಿಹಾಕುವುದರಿಂದ ಪೊರೆಗೆ ಒದಗುವ ಕ್ರೋಮಿಯಂ ಕಡಮೆಯಾಗುತ್ತದೆ. ಆದ್ದರಿಂದ ಕ್ರೋಮಿಯಂ ಜೊತೆಗೆ ಇಂಗಾಲವನ್ನೂ ನೋಡಬೇಕು. ಉಕ್ಕಿನ ಹೆಸರು ಸಾಮಾನ್ಯವಾಗಿ ಅಲಗಿನ ಮೇಲೆ ಅಥವಾ ಪೆಟ್ಟಿಗೆಯ ಮೇಲೆ ಅಚ್ಚಾಗಿರುತ್ತದೆ.

1. 420 ಜೆ 2: ಕ್ರೋಮಿಯಂ ಸುಮಾರು ಶೇ. 13, ಇಂಗಾಲ ಶೇ. 0.4ಕ್ಕಿಂತ ಕಡಮೆ. ತುಕ್ಕನ್ನು ಚೆನ್ನಾಗಿ ತಡೆಯುತ್ತದೆ, ಆದರೆ ಬೇಗ ಮೊಂಡಾಗುತ್ತದೆ.

2. 12 ಸಿ 27 ಮತ್ತು 14 ಸಿ 28 ಎನ್: ಕ್ರೋಮಿಯಂ ಶೇ. 13.5ರಿಂದ 14, ಇಂಗಾಲ ಸುಮಾರು ಶೇ. 0.6. ಎರಡನೆಯದರಲ್ಲಿ ಅಲ್ಪ ಸಾರಜನಕವೂ ಇದ್ದು ತುಕ್ಕು ತಡೆಯುವ ಶಕ್ತಿ ಅದಕ್ಕೆ ಹೆಚ್ಚು. ಸಿಹಿನೀರಿನ ಗದ್ದೆ ಮತ್ತು ತೋಟದ ಕೆಲಸಕ್ಕೆ ಇವು ಸಾಕು.

3. 440 ಸಿ: ಕ್ರೋಮಿಯಂ ಶೇ. 16ರಿಂದ 18, ಇಂಗಾಲ ಸುಮಾರು ಶೇ. 1. ಹರಿತ ಚೆನ್ನಾಗಿ ನಿಲ್ಲುತ್ತದೆ. ಉಪ್ಪುನೀರು ತಗಲಿದರೆ ಅಂದೇ ತೊಳೆಯಬೇಕು.

4. ಎಚ್ 1 ಮತ್ತು ಎಲ್‌ಸಿ 200 ಎನ್: ಇವುಗಳಲ್ಲಿ ಇಂಗಾಲವನ್ನು ಕಡಮೆ ಮಾಡಿ ಸಾರಜನಕ ಸೇರಿಸಿದ್ದಾರೆ. ಉಪ್ಪುನೀರಿಗೆ ಇವೇ ಅತ್ಯುತ್ತಮ. ಬೆಲೆ ಮಾತ್ರ ಹೆಚ್ಚು. ಉಪ್ಪುನೀರು ನುಗ್ಗುವ ಕರಾವಳಿಯ ಗಜನಿ ಗದ್ದೆ ಮತ್ತು ಸಿಗಡಿ ಹೊಂಡಗಳಲ್ಲಿ ದಿನವೂ ದುಡಿಯುವವರಿಗೆ ಈ ವೆಚ್ಚ ವ್ಯರ್ಥವಲ್ಲ.

5. ಡಿ 2: ಕ್ರೋಮಿಯಂ ಸುಮಾರು ಶೇ. 12 ಇದ್ದರೂ ಇಂಗಾಲ ಶೇ. 1.5ರಷ್ಟಿರುವುದರಿಂದ ಇದು ತುಕ್ಕು ಹಿಡಿಯುತ್ತದೆ. ನೀರಿನ ಕೆಲಸಕ್ಕೆ ಬೇಡ.

ಅಲಗಿನಷ್ಟೇ ಕೀಲೂ ಮುಖ್ಯ

ಮಡಚುವ ಚಾಕುವಿನಲ್ಲಿ ತುಕ್ಕು ಮೊದಲು ಕಾಣಿಸುವುದು ಹೆಚ್ಚಾಗಿ ಕೀಲಿನಲ್ಲಿ. ಅಲ್ಲಿ ನೀರು ನಿಲ್ಲುತ್ತದೆ, ಗಾಳಿಯಾಡುವುದಿಲ್ಲ. ಆದ್ದರಿಂದ ಕಾಯುವ ಪೊರೆ ಮತ್ತೆ ಕಟ್ಟಿಕೊಳ್ಳಲಾರದು. ಅಲಗು ಸ್ಟೇನ್‌ಲೆಸ್ ಆಗಿದ್ದು ಒಳಗಿನ ಸ್ಪ್ರಿಂಗು, ಮೊಳೆಗಳು ಸಾದಾ ಉಕ್ಕಿನವಾಗಿರುವ ಅಗ್ಗದ ಚಾಕುಗಳೂ ಉಂಟು. ಕೊಳ್ಳುವ ಮೊದಲು ಇವು ಯಾವ ಲೋಹದವೆಂದು ಕೇಳಿ ತಿಳಿಯಬೇಕು.

ಹಿಡಿ ಮರದ್ದಾದರೆ ನೀರು ಕುಡಿದು ಉಬ್ಬುತ್ತದೆ. ಅಲಗು ಬಿಗಿಯಾಗಿ ತೆರೆಯಲು ಕಷ್ಟವಾಗುತ್ತದೆ. ಫ್ರಾನ್ಸಿನ ಸವಾಯ್ ಪ್ರಾಂತ್ಯದಲ್ಲಿ 1890ರಿಂದ ತಯಾರಾಗುತ್ತಿರುವ ಹೆಸರಾಂತ ಒಪಿನೆಲ್ ಚಾಕುವಿನ ಮರದ ಹಿಡಿಗೂ ಈ ತೊಂದರೆ ತಪ್ಪಿಲ್ಲ. ನೀರಿನ ಕೆಲಸಕ್ಕೆ ನೈಲಾನ್ ಹಿಡಿ ಮೇಲು. ಹಿಡಿಯ ಬೆನ್ನು ತೆರೆದಿದ್ದರೆ ಕೆಸರು ತೊಳೆಯುವುದು ಸುಲಭ. ಹಳದಿ ಅಥವಾ ಕಿತ್ತಳೆ ಬಣ್ಣದ ಹಿಡಿ ಕೆಸರಿನಲ್ಲಿ ಬಿದ್ದರೂ ಬೇಗ ಕಣ್ಣಿಗೆ ಬೀಳುತ್ತದೆ. ದಾರ ಕಟ್ಟಲು ತೂತಿರಬೇಕು. ತೆರೆದ ಅಲಗು ತಾನಾಗಿ ಮಡಚಿ ಬೆರಳು ಕತ್ತರಿಸದಂತೆ ತಡೆಯುವ ಲಾಕ್ ಇರಲೇಬೇಕು. ಒಂದು ಕೈಯಲ್ಲಿ ಹಗ್ಗವಿರುವಾಗ ಇನ್ನೊಂದೇ ಕೈಯಿಂದ ತೆರೆಯಲು ಬರುವುದೇ ಎಂದು ಅಂಗಡಿಯಲ್ಲಿಯೇ ನೋಡಬೇಕು.

ಅಯಸ್ಕಾಂತದ ಪರೀಕ್ಷೆ ಸಲ್ಲದು

ಅಯಸ್ಕಾಂತ ಅಂಟಿದರೆ ಅದು ಸ್ಟೇನ್‌ಲೆಸ್ ಅಲ್ಲವೆಂಬ ನಂಬಿಕೆ ಹಲವರಲ್ಲಿದೆ. ಅಡಿಗೆಪಾತ್ರೆಗೆ ಬಳಸುವ, ನಿಕ್ಕಲ್ ಬೆರೆತ ಉಕ್ಕಿಗೆ ಅಯಸ್ಕಾಂತ ಅಷ್ಟಾಗಿ ಅಂಟದೆಂಬುದು ನಿಜ. ಆದರೆ ಆ ಉಕ್ಕನ್ನು ಕಾಯಿಸಿ ಹದಗೊಳಿಸಿ ಹರಿತವಾದ ಅಲಗು ಮಾಡಲಾಗದು. ಹದ ಹಿಡಿಯುವ ಬಹುತೇಕ ಸ್ಟೇನ್‌ಲೆಸ್ ಚಾಕುಗಳಿಗೆ ಅಯಸ್ಕಾಂತ ಅಂಟಿಯೇ ಅಂಟುತ್ತದೆ. ಇದಕ್ಕಿಂತ ಉತ್ತಮ ಪರೀಕ್ಷೆಯೆಂದರೆ ನಿಂಬೆಹಣ್ಣು ಕೊಯ್ದು ರಸವನ್ನು ಅಲಗಿನ ಮೇಲೆ ಸ್ವಲ್ಪ ಹೊತ್ತು ಬಿಡುವುದು. ಸಾದಾ ಉಕ್ಕಾದರೆ ಅಲಗು ಕಪ್ಪಾಗುತ್ತದೆ. ಸ್ಟೇನ್‌ಲೆಸ್ ಆದರೆ ಹೊಳಪು ಹಾಗೆಯೇ ಉಳಿಯುತ್ತದೆ.

ಹಳೆಯ ಚಾಕುವನ್ನು ಎಸೆಯಬಾರದು

ಅಡಿಕೆಯ ಕೊಳೆರೋಗಕ್ಕೆ ಶೇ. 1ರ ಬೋರ್ಡೋ ದ್ರಾವಣ ತಯಾರಿಸುವವರು ಒಂದು ಅಂಶವನ್ನು ವಿಶೇಷವಾಗಿ ಗಮನಿಸಬೇಕು. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ ಮತ್ತು 1 ಕಿಲೋ ಸುಣ್ಣ ಬೆರೆಸಿದ ಮೇಲೆ ಹೊಳೆಯುವ ಚಾಕುವನ್ನು ಅದ್ದಿ ನೋಡುವುದು ರೂಢಿ. ಅಲಗಿನ ಮೇಲೆ ಕೆಂಬಣ್ಣದ ತಾಮ್ರ ಕೂತರೆ ಸುಣ್ಣ ಸಾಲದೆಂದು ತಿಳಿದು ಇನ್ನಷ್ಟು ಸುಣ್ಣದ ತಿಳಿ ಸೇರಿಸಬೇಕು. ಈ ಪರೀಕ್ಷೆ ಸಾದಾ ಉಕ್ಕಿನಲ್ಲಿ ಮಾತ್ರ ನಡೆಯುತ್ತದೆ. ಸ್ಟೇನ್‌ಲೆಸ್ ಅಲಗಿನ ಪೊರೆ ತಾಮ್ರವನ್ನು ಕೂರಗೊಡದು. ಅದನ್ನು ನಂಬಿ ದ್ರಾವಣ ಸರಿಯಾಗಿದೆಯೆಂದು ಸಿಂಪಡಿಸಿದರೆ ಎಳೆಯ ಕಾಯಿ, ಸಿಂಗಾರ ಸುಟ್ಟುಹೋಗುವ ಸಂಭವವುಂಟು. ಆದ್ದರಿಂದ ಹೊಸ ಚಾಕು ಕೊಂಡವರು ಹಳೆಯದನ್ನು ಉಜ್ಜಿ ಹೊಳಪು ಮಾಡಿ ಈ ಕೆಲಸಕ್ಕೆ ಇಟ್ಟುಕೊಳ್ಳುವುದು ಲೇಸು.

ಪಾಲನೆ

ದಿನದ ಕೆಲಸ ಮುಗಿದೊಡನೆ ಚಾಕುವನ್ನು ತೆರೆದು ಸಿಹಿನೀರಿನಲ್ಲಿ ತೊಳೆದು, ಕೀಲಿನಲ್ಲಿ ನೀರು ನಿಲ್ಲದಂತೆ ಕೊಡವಿ, ತೆರೆದಂತೆಯೇ ಒಣಗಿಸಬೇಕು. ವಾರಕ್ಕೊಮ್ಮೆ ಕೀಲಿಗೆ ಒಂದು ತೊಟ್ಟು ಹೊಲಿಗೆಯಂತ್ರದ ಎಣ್ಣೆ ಸಾಕು. ಹಣ್ಣು ಕೊಯ್ಯುವ ಚಾಕುವಿಗೆ ಕೊಬ್ಬರಿ ಎಣ್ಣೆ ಸಾಕು. ಅಗಸೆ ಎಣ್ಣೆ ಒಣಗಿ ಅಂಟಾಗುವುದರಿಂದ ಕೀಲಿಗೆ ಹಾಕಬಾರದು. ತೊಗಲಿನ ಒರೆ ತೇವ ಹಿಡಿದಿಡುತ್ತದೆ; ಮಳೆಗಾಲದಲ್ಲಿ ಅದರೊಳಗೆ ಇಡದಿರುವುದು ಒಳಿತು.

ಚಾಕುವಿನಿಂದ ಗಾಯವಾದರೆ ತುಕ್ಕಿಲ್ಲವೆಂದು ಉದಾಸೀನ ಮಾಡಬಾರದು. ಧನುರ್ವಾಯು ಬರುವುದು ತುಕ್ಕಿನಿಂದಲ್ಲ, ಮಣ್ಣು ಮತ್ತು ಸಗಣಿಯಲ್ಲಿರುವ ರೋಗಾಣುವಿನಿಂದ. ಗಾಯವನ್ನು ಸೋಪಿನಿಂದ ತೊಳೆದು, ವೈದ್ಯರನ್ನು ಕಂಡು ಅಗತ್ಯವಿದ್ದರೆ ಚುಚ್ಚುಮದ್ದು ಹಾಕಿಸಿಕೊಳ್ಳಬೇಕು.

ಒಟ್ಟಿನಲ್ಲಿ, ತಗಲುವ ನೀರು ಸಿಹಿಯೋ ಉಪ್ಪೋ ಎಂದು ಮೊದಲು ನಿಶ್ಚಯಿಸಿ ಅದಕ್ಕೆ ತಕ್ಕ ಉಕ್ಕನ್ನೂ, ತೊಳೆಯಲು ಬರುವ ಕೀಲನ್ನೂ ಆರಿಸಿಕೊಂಡರೆ ಚಾಕು ಬೇಕಾದ ಹೊತ್ತಿಗೆ ತೆರೆಯುತ್ತದೆ.