ಸೋರುವ ಮಾರುತಿಗೆ ಏಳು ಸೂತ್ರ

ಮೃಗಶಿರ ಮಳೆ ಹಿಡಿಯಿತೆಂದರೆ ನಮ್ಮ ಮಲೆನಾಡಲ್ಲಿ ಎರಡು ದೂರು ಖಾಯಂ: ಕೊಟ್ಟಿಗೆ ಸೋರುತ್ತೆ, ಹಳೇ ಕಾರು ಸೋರುತ್ತೆ. ಕೊಟ್ಟಿಗೆಗೆ ಹೊಸ ಹಂಚು ಹಾಕಿದರಾಯಿತು. ಕಾರಿನದ್ದು ಅಷ್ಟು ಸಲೀಸಲ್ಲ. ಮಾರುತಿ 800ರ ತಯಾರಿಕೆ 2014ರ ಜನವರಿಯಲ್ಲೇ ನಿಂತಿದೆ. ಕಟ್ಟಕಡೆಯ ಕಾರಿನ ರಬ್ಬರಿಗೂ ಹತ್ತು ವರ್ಷ ದಾಟಿತು. ನನ್ನ ಕಾರು ಅದಕ್ಕಿಂತ ಬಹಳ ಹಿರಿಯ. ಒಂದು ಮಳೆಗಾಲವಿಡೀ ಕಾಲಬುಡದಲ್ಲಿ ಗೋಣಿಚೀಲ ಹಾಸಿಕೊಂಡು ಓಡಿಸಿದ ಮೇಲೆ ತಿಳಿದದ್ದಿಷ್ಟು.

1. ಹನಿ ಬಿದ್ದ ಜಾಗವನ್ನು ನಂಬಬೇಡಿ. ನೀರು ನುಗ್ಗುವುದು ಒಂದು ಕಡೆ, ತೊಟ್ಟಿಕ್ಕುವುದು ಇನ್ನೊಂದು ಕಡೆ. ಟಾಪಿನ ತಗಡಿಗೂ ಒಳಗಿನ ಸೀಲಿಂಗ್ ಬಟ್ಟೆಗೂ ನಡುವೆ ಹರಿದು, ಮುಂದಿನ ಗಾಜಿನ ಪಕ್ಕದ ಕಂಬದೊಳಗೆ ಇಳಿದು, ಮ್ಯಾಟಿನಡಿ ಸೇರಿಕೊಳ್ಳುತ್ತದೆ. ಮ್ಯಾಟ್ ಒದ್ದೆಯಾಯಿತೆಂದು ನಾನು ಮೊದಲು ಬಾಗಿಲ ರಬ್ಬರ್ ಬದಲಿಸಿದೆ. ದುಡ್ಡು ಹೋಯಿತು, ನೀರು ಮಾತ್ರ ಬರುತ್ತಲೇ ಇತ್ತು.

2. ಪೈಪು ಹಿಡಿಯಿರಿ, ಕೆಳಗಿನಿಂದ ಮೇಲಕ್ಕೆ. ಒಬ್ಬರು ಹೊರಗೆ, ಒಬ್ಬರು ಟಾರ್ಚ್ ಹಿಡಿದು ಒಳಗೆ. ಪೈಪಿನ ಬಾಯಿಗೆ ಬೆರಳಿಟ್ಟು ಚಿಮ್ಮಿಸಬೇಡಿ, ನೀರು ತಾನಾಗಿ ಹರಿಯಲಿ. ಮೊದಲು ಬಾಗಿಲು, ಆಮೇಲೆ ಗಾಜಿನ ಅಂಚು, ಕೊನೆಗೆ ಟಾಪು. ಒಂದೊಂದಕ್ಕೂ ಐದೈದು ನಿಮಿಷ. ಮೇಲಿನಿಂದ ಶುರುಮಾಡಿದರೆ ಎಲ್ಲವೂ ಒಟ್ಟಿಗೆ ನೆನೆದು, ಕಳ್ಳ ಯಾರೆಂದು ಗೊತ್ತಾಗುವುದಿಲ್ಲ. ನಮ್ಮಲ್ಲಿ ಒಳಗೆ ಕೂತವಳು ಮಗಳು. ಪೈಪು ಟಾಪಿನ ಅಂಚಿಗೆ ಬಂದದ್ದೇ ತಡ, “ಅಪ್ಪಾ, ಬಂತು ಬಂತು! ಕಂಬದ ಬುಡದಲ್ಲಿ!”

3. ಬಾಗಿಲ ರಬ್ಬರಿಗೆ ಹತ್ತು ರೂಪಾಯಿ ನೋಟು ಸಾಕು. ನೋಟು ಅಡ್ಡ ಹಿಡಿದು ಬಾಗಿಲು ಹಾಕಿ, ಎಳೆಯಿರಿ. ಬಿಗಿಯಾಗಿ ಬಂದರೆ ರಬ್ಬರ್ ಚೆನ್ನಾಗಿದೆ. ಸರ್ರನೆ ಜಾರಿದರೆ ಅಲ್ಲಿ ಚಪ್ಪಟೆಯಾಗಿದೆ.

4. ಅಸಲಿ ಕಳ್ಳ ಸಾಮಾನ್ಯವಾಗಿ ಟಾಪಿನ ಕಾಲುವೆಯಲ್ಲಿ. ಬಾಗಿಲ ಮೇಲೆ, ಮುಂದಿನಿಂದ ಹಿಂದಕ್ಕೆ, ಮಳೆನೀರು ಹರಿಯಲೆಂದೇ ಒಂದು ಸಣ್ಣ ಕಾಲುವೆ ಇರುತ್ತದೆ. ಟಾಪಿನ ತಗಡು ಪಕ್ಕದ ತಗಡಿಗೆ ಸೇರುವುದು ಅಲ್ಲೇ. ಆ ಸೇರಿಕೆಯ ಮೇಲೆ ಫ್ಯಾಕ್ಟರಿಯಲ್ಲೇ ಸೀಲೆಂಟ್ ಬಳಿದಿರುತ್ತಾರೆ. ವರ್ಷಗಟ್ಟಲೆ ಬಿಸಿಲು ತಿಂದು ಅದು ಬೇಸಿಗೆಯ ಗದ್ದೆಯಂತೆ ಬಿರುಕು ಬಿಡುತ್ತದೆ. ನನ್ನ ಕಾರಿನ ಬಿರುಕು ಕೂದಲೆಳೆಯಷ್ಟು, ಉದ್ದ ಒಂದು ಗೇಣು. ಉಗುರು ಹಾಕಿದರೆ ಪೇಂಟಿನ ಸಮೇತ ಚಕ್ಕೆ ಎದ್ದು ಬಂತು, ಅಡಿಯಲ್ಲಿ ಕೆಂಪು ತುಕ್ಕು.

ಅದರ ಮೇಲೆಯೇ ಏನಾದರೂ ಮೆತ್ತಿಬಿಡುವ ಆಸೆ ಎಲ್ಲರಿಗೂ. ಮೆತ್ತಬೇಡಿ. ಎಂ-ಸೀಲ್ ಕಲ್ಲಾಗುತ್ತದೆ, ಕಾರು ಗುಂಡಿಯಲ್ಲಿ ಕುಲುಕಿದರೆ ತಗಡು ಬಳುಕುತ್ತದೆ, ಎಂ-ಸೀಲ್ ಬಳುಕದೆ ಸೀಳು ಬಿಡುತ್ತದೆ. ಬಾತ್‌ರೂಮಿಗೆ ಹಾಕುವ, ವಿನೆಗರ್ ವಾಸನೆಯ ಸಿಲಿಕಾನ್ ಇನ್ನೂ ಕೆಟ್ಟದ್ದು: ಒಣಗುವಾಗ ಆಮ್ಲ ಬಿಟ್ಟು ಬರಿ ತಗಡಿಗೆ ತುಕ್ಕು ಹತ್ತಿಸುತ್ತದೆ, ಮೇಲೆ ಪೇಂಟೂ ನಿಲ್ಲುವುದಿಲ್ಲ. ಹಳೆಯದನ್ನು ಪೂರ್ತಿ ಕೆರೆದು, ಎಮರಿ ಪೇಪರ್ ಉಜ್ಜಿ, ತುಕ್ಕು ತೆಗೆದು, ಪ್ರೈಮರ್ ಹೊಡೆದು ಒಣಗಿಸಿ. ಎರಡೂ ಬದಿಗೆ ಮಾಸ್ಕಿಂಗ್ ಟೇಪ್ ಅಂಟಿಸಿ. ಕಾರಿನ ಪೇಂಟ್ ಅಂಗಡಿಯಲ್ಲಿ ಪಿಯು ಸೀಲೆಂಟ್ ಎಂದು ಕೇಳಿ; ಗನ್ನಿನಲ್ಲಿ ಒಂದೇ ಗೆರೆ ಎಳೆದು, ಬೆರಳಲ್ಲಿ ನೀವಿ, ಒಣಗುವ ಮೊದಲೇ ಟೇಪ್ ಕೀಳಿ. ಮೇಲ್ಗಡೆ ಬೇಗ ಕೆನೆಗಟ್ಟಿದರೂ ಒಳಗೆ ಗಟ್ಟಿಯಾಗಲು ಒಂದು ಇಡೀ ದಿನ ಬೇಕು. ಆಮೇಲೆ ಬಣ್ಣ.

ತುಕ್ಕು ತೂತು ಮಾಡಿದ್ದರೆ ಇಷ್ಟೂ ದಂಡ. ಟಿಂಕರ್ ಹತ್ತಿರ ಹೋಗಿ ತಗಡು ವೆಲ್ಡ್ ಮಾಡಿಸಿ.

5. ಮುಂದಿನ ಗಾಜಿನ ರಬ್ಬರನ್ನು ನೀವೇ ಕೀಳಬೇಡಿ. 800ರ ಗಾಜು ಕೂತಿರುವುದು ರಬ್ಬರ್ ಬೀಡಿಂಗಿನಲ್ಲಿ. ಹೊಸ ರಬ್ಬರಿನ ಕಾಲುವೆಯಲ್ಲಿ ದಾರ ಸುತ್ತಿ, ಸೋಪುನೀರು ಹಚ್ಚಿ, ಹೊರಗಿನಿಂದ ಒಬ್ಬರು ಗಾಜು ಒತ್ತುತ್ತಿದ್ದಂತೆ ಒಳಗಿನಿಂದ ಇನ್ನೊಬ್ಬರು ದಾರ ಎಳೆದು ಕೂರಿಸುತ್ತಾರೆ. ನೋಡಲು ಬಲು ಸುಲಭ. ಗಾಜು ಒಡೆದರೆ ಗೊತ್ತಾಗುತ್ತದೆ.

6. ಸನ್‌ರೂಫ್ ಇರುವ ಕಾರಾದರೆ ರಬ್ಬರನ್ನು ಬೈಯಬೇಡಿ. ಅಲ್ಲಿ ಒಂದಿಷ್ಟು ನೀರು ಇಳಿಯುವುದು ಸಹಜವೇ. ಮೂಲೆಗಳ ಸಣ್ಣ ಕೊಳವೆಗಳು ಅದನ್ನು ಹೊರಗೆ ಸಾಗಿಸಬೇಕು. ಕಸ ಕಟ್ಟಿದ್ದರೆ ವೀಡ್ ಕಟರಿನ ನೈಲಾನ್ ದಾರ ಮೆಲ್ಲಗೆ ತೂರಿಸಿ, ತಂತಿ ಬೇಡ.

7. ಸೀಲ್ ಮಾಡಿದ ಮೇಲೆ ಮ್ಯಾಟ್ ಎತ್ತಿ. ಅದರಡಿಯ ದಪ್ಪ ಫೆಲ್ಟ್ ನೀರು ಕುಡಿದು ಕೂತಿರುತ್ತದೆ, ವಾರಗಟ್ಟಲೆ ಆರುವುದಿಲ್ಲ. ಬಿಸಿಲಿಗೆ ಹಾಕಿ. ನೆಲದ ತಗಡನ್ನೂ ಸ್ಕ್ರೂಡ್ರೈವರ್ ಹಿಡಿಕೆಯಿಂದ ಬಡಿದು ನೋಡಿ. ಠಣ್ ಎಂದರೆ ಸರಿ.

ಎರಡು ದಿನ ಬಿಟ್ಟು ಮತ್ತೆ ಪೈಪು ಹಿಡಿದೆ. ಹತ್ತು ನಿಮಿಷವಾದರೂ ಒಳಗಿನಿಂದ ಸದ್ದಿಲ್ಲ. ಕೊನೆಗೆ ಮಗಳು ಗಾಜು ಬಡಿದಳು. ಓಡಿಹೋಗಿ ಕೇಳಿದೆ, “ಎಲ್ಲಿ ಬಂತು?”

“ಎಲ್ಲೂ ಇಲ್ಲ ಅಪ್ಪಾ. ಸೆಕೆ. ಗಾಜು ಇಳಿಸ್ಲಾ?”