ಕಿವಿಯಲ್ಲಿ ಆಡುವ ಆಟ: ಕಟ್ಟುವವರಿಗೆ ಒಂಬತ್ತು ಸೂತ್ರಗಳು

2012ರಲ್ಲಿ ಬೆಂಗಳೂರಿನಲ್ಲಿ ಅಂಧರ ಮೊದಲ ಟಿ-20 ವಿಶ್ವಕಪ್ ನಡೆಯಿತು. ಶಿವಮೊಗ್ಗ ಜಿಲ್ಲೆಯ ಶೇಖರ್ ನಾಯಕ್ ಅವರ ನಾಯಕತ್ವದಲ್ಲಿ ಭಾರತ ಅದನ್ನು ಗೆದ್ದಿತು. ಆ ಆಟದ ಚೆಂಡು ಪ್ಲಾಸ್ಟಿಕ್ಕಿನದು. ಒಳಗೆ ಬೇರಿಂಗ್ ಗುಂಡುಗಳಿರುವುದರಿಂದ ಉರುಳುವಾಗ ಗಲಗಲ ಅನ್ನುತ್ತದೆ. ಬೌಲರು ಮೊದಲು ಬ್ಯಾಟ್ಸ್‌ಮನ್ ಸಿದ್ಧನೇ ಎಂದು ಕೇಳಬೇಕು, ಚೆಂಡು ಕೈಬಿಡುವಾಗ ‘ಪ್ಲೇ’ ಎಂದು ಕೂಗಬೇಕು. ಸದ್ದು ಮಾಡದೆ ಚೆಂಡು ಬ್ಯಾಟಿನ ಬಳಿ ಬರುವ ಹಾಗಿಲ್ಲ. ಇಷ್ಟಾದ ಮೇಲೂ ಔಟಾದರೆ ತಪ್ಪು ಬ್ಯಾಟ್ಸ್‌ಮನ್ನನದೇ. ಮೊಬೈಲಿನಲ್ಲೋ ಕಂಪ್ಯೂಟರಿನಲ್ಲೋ ಕೇಳಿ ಆಡುವ ಆಟ ಕಟ್ಟಲು ಹೊರಟವರಿಗೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ. ಅಂಧ ಆಟಗಾರ ಸೋಲಲಿ, ಆದರೆ ತನ್ನ ತಪ್ಪಿಗೆ ಸೋಲಲಿ. ಆಟ ಕಟ್ಟಿದವನ ತಪ್ಪಿಗೆ ಸೋಲುವುದು ಬೇಡ.

1. ಸದ್ದಿಲ್ಲದ ಅಪಾಯ ಇಡಬೇಡಿ

ಗುಂಡಿ, ಗೋಡೆ, ಶತ್ರು, ಯಾವುದೇ ಇರಲಿ, ಪೆಟ್ಟು ಕೊಡುವ ಮೊದಲು ಕಿವಿಗೆ ಬೀಳಬೇಕು. ಕೇಳಿಸಿದರೆ ಮಾತ್ರ ಸಾಲದು, ಕೇಳಿ ಪಕ್ಕಕ್ಕೆ ಸರಿಯುವಷ್ಟು ಸಮಯವೂ ಸಿಗಬೇಕು. ನಿಮ್ಮ ಆಟದಲ್ಲಿರುವ ವಸ್ತುಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದು, ಪ್ರತಿಯೊಂದರ ಎದುರು ಅದರ ಸದ್ದು ಬರೆಯಿರಿ. ಎಲ್ಲಿ ಜಾಗ ಖಾಲಿ ಉಳಿಯುತ್ತದೋ ಅಲ್ಲಿ ಆಟ ಮೋಸ ಮಾಡುತ್ತಿದೆ.

2. ಕೇಳುವುದಕ್ಕೆಂದೇ ಹುಟ್ಟಿದ ಕಥೆ ಆರಿಸಿ

ಚಿತ್ರದ ಆಟಕ್ಕೆ ಸದ್ದು ಅಂಟಿಸಿದರೆ ಅದು ಕೊನೆಯವರೆಗೂ ಅಂಟಿಸಿದ್ದಾಗಿಯೇ ಉಳಿಯುತ್ತದೆ. ಜಪಾನಿನ ಕೆಂಜಿ ಎನೊ 1997ರಲ್ಲಿ ಸೆಗಾ ಸ್ಯಾಟರ್ನ್ ಯಂತ್ರಕ್ಕೆ ‘ರಿಯಲ್ ಸೌಂಡ್’ ಎಂಬ ಆಟ ತಂದರು. ಪರದೆಯ ಮೇಲೆ ಚಿತ್ರವೇ ಇಲ್ಲ, ಬರೀ ಧ್ವನಿಯಲ್ಲಿ ನಡೆಯುವ ಕಥೆ. ಜೊತೆಗೆ ಬ್ರೈಲ್ ಲಿಪಿಯಲ್ಲಿ ಸೂಚನೆಗಳು. 2010ರಲ್ಲಿ ಲಂಡನ್ನಿನಿಂದ ಬಂದ ‘ಪಾಪಾ ಸಾಂಗ್ರೆ’ಯಲ್ಲಿ ಆಟಗಾರ ಇರುವುದೇ ಕಗ್ಗತ್ತಲಲ್ಲಿ. ಐಫೋನಿನ ಪರದೆಯ ಎಡಕ್ಕೊಮ್ಮೆ ಬಲಕ್ಕೊಮ್ಮೆ ಬೆರಳು ತಟ್ಟಿದರೆ ಹೆಜ್ಜೆ ಇಟ್ಟಂತೆ. ಗಡಿಬಿಡಿಯಲ್ಲಿ ತಟ್ಟಿದರೆ ಎಡವಿ ಬೀಳುವುದು. ಫ್ರಾನ್ಸಿನ ‘ಎ ಬ್ಲೈಂಡ್ ಲೆಜೆಂಡ್’ನಲ್ಲಿ ಕುರುಡ ಯೋಧನಿಗೆ ಮಗಳ ದನಿಯೇ ದಾರಿ. ಮೂರರಲ್ಲೂ ಚಿತ್ರ ಇಲ್ಲವಲ್ಲ ಎಂದು ಅನ್ನಿಸುವುದಿಲ್ಲ. ಚಿತ್ರ ಬೇಡದ ಕಥೆಯನ್ನೇ ಅವರು ಆರಿಸಿಕೊಂಡಿದ್ದರು.

3. ಎಡ-ಬಲ ನಂಬಿ, ಮುಂದೆ-ಹಿಂದೆ ನಂಬಬೇಡಿ

ಇಲ್ಲಿ ಸ್ವಲ್ಪ ನಿಲ್ಲಬೇಕು. ಬಲಗಡೆಯ ಸದ್ದು ಎಡಗಿವಿಗೆ ಸ್ವಲ್ಪ ತಡವಾಗಿ ಮುಟ್ಟುತ್ತದೆ. ಆ ತಡ ಹೆಚ್ಚೆಂದರೆ ಸೆಕೆಂಡಿನ ಸಾವಿರದಲ್ಲಿ ಒಂದು ಪಾಲಿಗಿಂತಲೂ ಕಡಿಮೆ, ಆದರೂ ಮಿದುಳು ಅದನ್ನು ಹಿಡಿಯುತ್ತದೆ. ತಲೆ ಅಡ್ಡ ಬರುವುದರಿಂದ ಆ ಕಿವಿಗೆ ಸದ್ದು ತುಸು ಸಣ್ಣದಾಗಿಯೂ ಕೇಳುತ್ತದೆ. ಹೀಗಾಗಿ ಹೆಡ್‌ಫೋನಿನಲ್ಲಿ ಎಡ-ಬಲ ತೋರಿಸುವುದು ಸುಲಭ. ನೇರ ಮುಂದಿನ ಸದ್ದು, ನೇರ ಹಿಂದಿನ ಸದ್ದು ಮಾತ್ರ ಎರಡೂ ಕಿವಿಗೆ ಏಕಕಾಲಕ್ಕೆ ಬರುತ್ತವೆ. ನಿಜ ಜೀವನದಲ್ಲಿ ನಾವು ತಲೆ ತಿರುಗಿಸಿ ಅನುಮಾನ ಪರಿಹರಿಸಿಕೊಳ್ಳುತ್ತೇವೆ. ಸಾಮಾನ್ಯ ಹೆಡ್‌ಫೋನು ತಲೆಯ ಜೊತೆಗೇ ತಿರುಗುತ್ತದೆ, ಕಿವಿಗೆ ಸದ್ದು ಮೊದಲಿನಂತೆಯೇ ಕೇಳುತ್ತದೆ. ಆದ್ದರಿಂದ ಹಿಂದಿನದಕ್ಕೆ ಬೇರೆ ದನಿ ಕೊಡಿ, ಮಂದ ಮಾಡಿ, ಇಲ್ಲವೇ ಒಂದು ಮಾತು ಸೇರಿಸಿ.

ನಮ್ಮ ಅಳಗುಳಿ ಮಣೆಯನ್ನೇ ತೆಗೆದುಕೊಳ್ಳಿ. ಕರಾವಳಿಯವರಿಗೆ ಅದು ಚೆನ್ನೆಮಣೆ. ಎರಡು ಸಾಲು, ಸಾಲಿಗೆ ಏಳು ಗುಳಿ. ಏಳು ಗುಳಿಗಳನ್ನು ಎಡಗಿವಿಯಿಂದ ಬಲಗಿವಿಯವರೆಗೆ ಹರಡಿ. ಒಂದೊಂದೇ ಹುಣಸೆಬೀಜ ಬೀಳುವಾಗ ಟಕ್, ಟಕ್, ಟಕ್ ಎಂದು ಸದ್ದು ಸರಿಯುತ್ತ ಹೋಗಲಿ. ಎಷ್ಟು ಕಾಳು, ಎಲ್ಲಿ ನಿಂತಿತು ಎಂಬುದು ತಾನಾಗಿ ಲೆಕ್ಕಕ್ಕೆ ಸಿಗುತ್ತದೆ. ಎದುರಾಳಿಯ ಸಾಲನ್ನು ‘ಆಚೆ’ ಎಂದು ತೋರಿಸಲು ಕಸರತ್ತು ಮಾಡಬೇಡಿ. ನಿಮ್ಮ ಸಾಲಿಗೆ ಮರದ ಸದ್ದು, ಅವರ ಸಾಲಿಗೆ ಕಲ್ಲಿನ ಸದ್ದು ಇಟ್ಟರೆ ಮುಗಿಯಿತು. ಬರಿಗುಳಿ ಸಿಕ್ಕಾಗ ಬೆರಳಲ್ಲಿ ಸವರುವ ಸರ್ರೆಂಬ ಸದ್ದು, ಆಮೇಲೆ ಮುಂದಿನ ಗುಳಿಯ ಕಾಳು ಬಾಚಿಕೊಳ್ಳುವ ಗಲಗಲ. ಅಜ್ಜಿಯರ ಆಟ ಮೊದಲಿನಿಂದಲೂ ಕೇಳಿ ಆಡುವಂಥದ್ದೇ ಆಗಿತ್ತು.

4. ಒಂದು ಸದ್ದಿಗೆ ಒಂದೇ ಅರ್ಥ

ಬಾಗಿಲಿಗೂ ಬಹುಮಾನಕ್ಕೂ ಒಂದೇ ಗಂಟೆ ಹೊಡೆದರೆ ಎರಡೂ ಹಾಳು. ಒಂದೇ ಎತ್ತರದ ಎರಡು ಸ್ವರಗಳು ಒಟ್ಟಿಗೆ ಬಂದರೆ ದೊಡ್ಡದು ಚಿಕ್ಕದನ್ನು ನುಂಗುತ್ತದೆ. ಹಿನ್ನೆಲೆ ಸಂಗೀತ ನಿಮಗೆ ಎಷ್ಟೇ ಇಷ್ಟವಾಗಿದ್ದರೂ ಮಾತು ಬಂದಾಗ ತಗ್ಗಬೇಕು. ಸಂಗೀತ, ಮಾತು, ಪರಿಣಾಮದ ಸದ್ದು, ಇವಕ್ಕೆ ಬೇರೆ ಬೇರೆ ವಾಲ್ಯೂಮ್ ಕೊಡಿ.

5. ಮುಖ್ಯ ಪದ ಮೊದಲು ಬರಲಿ

‘ನಿಮ್ಮ ಎಡಭಾಗದಲ್ಲಿ ಒಂದು ಬಾಗಿಲು ಇದೆ’ ಎಂದು ನಿಧಾನವಾಗಿ ಹೇಳುವ ಹೊತ್ತಿಗೆ ಆಟಗಾರ ಗೋಡೆಗೆ ಬಡಿದಿರುತ್ತಾನೆ. ‘ಬಾಗಿಲು, ಎಡಕ್ಕೆ’ ಸಾಕು. ಕೇಳಿದ್ದನ್ನೇ ಮತ್ತೆ ಕೇಳಲು ಒಂದು ಕೀಲಿ, ಮಾತನ್ನು ನಡುವೆ ಕತ್ತರಿಸಲು ಇನ್ನೊಂದು ಕೀಲಿ ಇರಲೇಬೇಕು. ನೂರನೆಯ ಸಲ ಅದೇ ಪೀಠಿಕೆ ಕೇಳುವ ತಾಳ್ಮೆ ಯಾರಿಗೂ ಇರುವುದಿಲ್ಲ. ಸಾಧ್ಯವಿದ್ದಲ್ಲೆಲ್ಲ, ಪರದೆಯ ಬರಹವನ್ನು ಓದಿ ಹೇಳುವ ಆಟಗಾರರ ಸ್ವಂತ ಸ್ಕ್ರೀನ್ ರೀಡರಿಗೇ ಮಾತು ಒಪ್ಪಿಸಿ: ಕಂಪ್ಯೂಟರಿನಲ್ಲಿ ಎನ್‌ವಿಡಿಎ, ಫೋನಿನಲ್ಲಿ ಟಾಕ್‌ಬ್ಯಾಕ್ ಅಥವಾ ವಾಯ್ಸ್‌ಓವರ್. ದನಿ, ವೇಗ ಎಲ್ಲವನ್ನೂ ಅವರು ತಮಗೆ ಬೇಕಾದಂತೆ ಹೊಂದಿಸಿಕೊಂಡಿರುತ್ತಾರೆ. ಪಳಗಿದವರು ಕೇಳುವ ವೇಗಕ್ಕೆ ನಮ್ಮ ಕಿವಿಗೆ ಒಂದಕ್ಷರವೂ ದಕ್ಕುವುದಿಲ್ಲ.

6. ಮೊದಲ ಪರದೆಯಲ್ಲೇ ಬಾಗಿಲು ಹಾಕಬೇಡಿ

ಆಟದೊಳಗೆ ಎಲ್ಲ ಚೆನ್ನಾಗಿದ್ದು, ಲಾಗಿನ್ ಪುಟದಲ್ಲಿ ಹೆಸರಿಲ್ಲದ ಗುಂಡಿಗಳಿದ್ದರೆ ಸ್ಕ್ರೀನ್ ರೀಡರು ‘ಬಟನ್, ಬಟನ್, ಬಟನ್’ ಎಂದಷ್ಟೇ ಓದುತ್ತದೆ. ಪ್ರತಿ ಗುಂಡಿಗೂ ಹೆಸರು ಕೊಡಿ. ಟಾಕ್‌ಬ್ಯಾಕ್ ಚಾಲೂ ಇದ್ದಾಗ ಬೆರಳಿನ ಸನ್ನೆಗಳು ಮೊದಲು ಅದರ ಕೈಗೆ ಹೋಗುತ್ತವೆ, ಆಮೇಲೆ ನಿಮ್ಮ ಆಟಕ್ಕೆ. ಇದನ್ನು ಮೊದಲ ದಿನವೇ ಪರೀಕ್ಷಿಸಿ.

7. ಬ್ಲೂಟೂತ್ ತಡವನ್ನು ಲೆಕ್ಕಕ್ಕಿಡಿ

ನಿಸ್ತಂತು ಇಯರ್‌ಫೋನಿನಲ್ಲಿ ಸದ್ದು ತಡವಾಗಿ ಬರುತ್ತದೆ. ತಾಳಕ್ಕೆ ತಕ್ಕಂತೆ ಒತ್ತುವ ಆಟದಲ್ಲಿ ಅಷ್ಟೇ ಸಾಕು, ಸರಿಯಾಗಿ ಒತ್ತಿದವನೂ ಸೋಲುತ್ತಾನೆ. ಆರಂಭದಲ್ಲಿ ನಾಲ್ಕೆಂಟು ಬಡಿತ ಕೇಳಿಸಿ, ಅವನ ಬೆರಳಿನ ಜೊತೆ ಹೊಂದಿಸಿಕೊಳ್ಳಿ.

8. ಕನಿಕರದಿಂದ ಸುಲಭ ಮಾಡಬೇಡಿ

ನನಗೆ ಬಹಳ ನೋವಾಗುವ ವಿಷಯ ಇದು. ಅಂಧರಿಗೆಂದು ಮಾಡಿದ ಆಟ ಎಂದರೆ ಮಕ್ಕಳಾಟ ಎಂದುಕೊಂಡವರು ಇನ್ನೂ ಇದ್ದಾರೆ. ದೃಷ್ಟಿಯಿಲ್ಲದವರು ಹೊಡೆದಾಟದ ಆಟಗಳನ್ನು ಏಟಿನ ಸದ್ದು, ಹೆಜ್ಜೆಯ ಸದ್ದು ಕೇಳಿಯೇ ಆಡಿ, ಕಣ್ಣಿದ್ದವರನ್ನು ಸೋಲಿಸುತ್ತ ಬಂದಿದ್ದಾರೆ. 2020ರ ‘ದಿ ಲಾಸ್ಟ್ ಆಫ್ ಅಸ್ ಭಾಗ 2’ರಲ್ಲಿ ಅಂಧರೂ ಸೇರಿದಂತೆ ಅಂಗವೈಕಲ್ಯವಿರುವ ಆಟಗಾರರಿಗೆಂದು 60ಕ್ಕೂ ಹೆಚ್ಚು ಹೊಂದಾಣಿಕೆಗಳಿದ್ದವು. ಅಮೆರಿಕದ ಅಂಧ ಆಟಗಾರ ಬ್ರ್ಯಾಂಡನ್ ಕೋಲ್ ಅದಕ್ಕೆ ಸಲಹೆಗಾರರಾಗಿದ್ದರು. 2023ರ ‘ಫೋರ್ಜಾ ಮೋಟರ್‌ಸ್ಪೋರ್ಟ್’ನಲ್ಲಿ ತಿರುವು ಎಷ್ಟು ಕಡಿದು, ಯಾವಾಗ ಬ್ರೇಕ್ ಒತ್ತಬೇಕು ಎಂದು ಸದ್ದಿನಲ್ಲೇ ತಿಳಿಸುವ ವ್ಯವಸ್ಥೆಯ ಹಿಂದೆಯೂ ಅವರ ಅನುಭವವಿತ್ತು. ಕಾರು ಓಡಿಸುವುದನ್ನು ಆಟ ಸುಲಭ ಮಾಡಲಿಲ್ಲ. ರಸ್ತೆ ಎಲ್ಲಿದೆ ಎಂದು ಹೇಳಿತು. ಎರಡಕ್ಕೂ ವ್ಯತ್ಯಾಸ ದೊಡ್ಡದು.

9. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಪರೀಕ್ಷೆ ಮುಗಿಸಬೇಡಿ

ಹತ್ತು ನಿಮಿಷ ಬಟ್ಟೆ ಕಟ್ಟಿಕೊಂಡವನಿಗೆ ಗೊತ್ತಾಗುವುದು ಗಾಬರಿ ಮಾತ್ರ, ಅಂಧತ್ವದ ಅಭ್ಯಾಸವಲ್ಲ. ಹುಟ್ಟಿನಿಂದ ಕಾಣದವರು, ನಡುವೆ ದೃಷ್ಟಿ ಹೋದವರು, ಮಂದದೃಷ್ಟಿಯವರು ಮೂವರೂ ಬೇರೆ ಬೇರೆ ರೀತಿ ಆಡುತ್ತಾರೆ. ಮಂದದೃಷ್ಟಿಯವರಿಗೆ ದೊಡ್ಡ ಅಕ್ಷರ, ಗಾಢ ಬಣ್ಣ ಬೇಕು. ಪರದೆಯನ್ನು ಕಪ್ಪಾಗಿ ಬಿಟ್ಟರೆ ಅವರಿಗೆ ಅನ್ಯಾಯ. ಒಂದೇ ಕಿವಿ ಕೇಳುವವರೂ ಇದ್ದಾರೆ. ಎಡ-ಬಲ ಗುರುತಿಸಲು ಅವರಿಗೆ ಸ್ವರದ ಎತ್ತರವೋ ಕಂಪನವೋ ನೆರವಾಗಲಿ. ಅಂಧ ಪರೀಕ್ಷಕರನ್ನು ಮೊದಲ ವಾರವೇ ಕರೆಯಿರಿ, ಸಂಭಾವನೆ ಕೊಡಿ. ಅವರು ಆಡುವಾಗ ನೀವು ಬಾಯಿ ಬಿಡಬೇಡಿ. ‘ಇನ್ನೂ ಸ್ವಲ್ಪ ಬಲಕ್ಕೆ’ ಎಂದು ಪಿಸುಗುಟ್ಟಿದ ಕೂಡಲೇ ಆ ಪರೀಕ್ಷೆ ವ್ಯರ್ಥ. ಅವರು ತಡಕಾಡಿ ನಿಂತ ಜಾಗವನ್ನು ಗುರುತು ಹಾಕಿಕೊಂಡು ರಾತ್ರಿ ಅದನ್ನೇ ಸರಿಮಾಡಿ.

ಕಾಲೇಜಿನಲ್ಲಿ ಪ್ರಾಜೆಕ್ಟ್ ಹುಡುಕುತ್ತಿರುವ ಕಂಪ್ಯೂಟರ್ ವಿದ್ಯಾರ್ಥಿಗಳಲ್ಲಿ ನನ್ನದೊಂದು ಕೋರಿಕೆ. ಹದಿನಾಲ್ಕು ಗುಳಿಯ ಅಳಗುಳಿ ಮಣೆಗೆ ದೊಡ್ಡ ತಂಡ ಬೇಡ, ದುಬಾರಿ ಯಂತ್ರವೂ ಬೇಡ. ಹುಣಸೆಬೀಜ ಬೀಳುವ ಸದ್ದನ್ನು ನಿಮ್ಮ ಮನೆಯ ಮಣೆಯಲ್ಲೇ ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ, ಆಟ ಕನ್ನಡದಲ್ಲೇ ಮಾತಾಡಲಿ. ಅರ್ಧ ಆದಾಗಲೇ ಹತ್ತಿರದ ಅಂಧ ಮಕ್ಕಳ ಶಾಲೆಗೆ ಒಯ್ದು ಅವರ ಕೈಗೆ ಕೊಡಿ.