ಗಂಟಿನ ನಿಜವನ್ನರಿಯುವ ಬಗೆ

ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿದ ಮೇಲೆ ಸಿಂಧನೂರು ಸೀಮೆಯು ಭತ್ತದ ಕಣಜವೆನಿಸಿತು. ಭತ್ತದ ವ್ಯಾಪಾರಿಯು ಚೀಲದ ಹೊರಮೈಯನ್ನು ನೋಡಿ ಬೆಲೆ ಕಟ್ಟುವುದಿಲ್ಲ. ಮೊನಚಾದ ಕೊಳವೆಯನ್ನು ಚೀಲಕ್ಕೆ ಚುಚ್ಚಿ, ಹಿಡಿ ಕಾಳನ್ನು ಹೊರತೆಗೆದು ಪರೀಕ್ಷಿಸಿದ ಬಳಿಕವೇ ಆತನ ಮಾತು. ಶರೀರದಲ್ಲಿ ಕಾಣಿಸುವ ಗಂಟಿಗೂ ಇದೇ ನ್ಯಾಯ ಸಲ್ಲುತ್ತದೆ.

ಜೀವಕೋಶಗಳು ನಿಯಮ ಮೀರಿ ಬೆಳೆದು ನೆರೆಯ ಭಾಗಗಳನ್ನು ಆಕ್ರಮಿಸುವ ರೋಗವೇ ಕ್ಯಾನ್ಸರ್. ಭಾರತದ ಮಹಿಳೆಯರಲ್ಲಿ ಸ್ತನ ಕ್ಯಾನ್ಸರೇ ಅತ್ಯಧಿಕ. ಸ್ತನದಲ್ಲಿ ಕಾಣಿಸುವ ಗಂಟುಗಳಲ್ಲಿ ಹೆಚ್ಚಿನವು ನಿರಪಾಯಕರವೆಂಬುದು ನಿಜ. ಆದರೆ ಕ್ಯಾನ್ಸರಿನ ಗಂಟು ಸಹ ಮೊದಮೊದಲು ಸಾಮಾನ್ಯವಾಗಿ ನೋಯುವುದಿಲ್ಲ. ನೋವಿಲ್ಲವೆಂಬ ಸಮಾಧಾನ, ಹೇಳಿಕೊಳ್ಳಲು ಸಂಕೋಚ, ನಾಟಿ ಮುಗಿಯಲೆಂಬ ಮುಂದೂಡಿಕೆ, ಈ ಮೂರೂ ಸೇರಿ ಅಮೂಲ್ಯವಾದ ಕಾಲವನ್ನು ಕಬಳಿಸುತ್ತವೆ.

ರೋಗನಿರ್ಣಯಕ್ಕೆ ಮೂರು ಮೆಟ್ಟಿಲುಗಳಿವೆ. ಮೊದಲನೆಯದು ಕೈಯ ಪರೀಕ್ಷೆ. ವೈದ್ಯರು ಗಂಟಿನ ಗಾತ್ರ, ಗಡಸುತನಗಳನ್ನೂ ಕಂಕುಳಿನ ಗ್ರಂಥಿಗಳನ್ನೂ ಮುಟ್ಟಿ ನೋಡುತ್ತಾರೆ. ಇದು ಅಲ್ಪವೆಂದು ಭಾವಿಸಲಾಗದು. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯ ವೈದ್ಯರು ಇಪ್ಪತ್ತು ವರ್ಷ ನಡೆಸಿ 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನಿಯತವಾಗಿ ಇಂತಹ ತಪಾಸಣೆಗೊಳಗಾದ, ಐವತ್ತು ದಾಟಿದ ಮಹಿಳೆಯರಲ್ಲಿ ಸ್ತನ ಕ್ಯಾನ್ಸರಿನ ಸಾವು ಸುಮಾರು ಶೇಕಡಾ 30ರಷ್ಟು ಇಳಿದಿತ್ತು.

ಎರಡನೆಯದು ಚಿತ್ರ. 1895ರಲ್ಲಿ ರಾಂಟ್ಜೆನ್ ಕಂಡುಹಿಡಿದ ಕ್ಷ-ಕಿರಣಗಳನ್ನೇ ಬಳಸುವ ಮ್ಯಾಮೊಗ್ರಫಿಯು ಕೈಗೆ ಸಿಗದಷ್ಟು ಸಣ್ಣ ಗಂಟನ್ನೂ ತೋರಿಸಬಲ್ಲದು. ಕಿರಿಯ ವಯಸ್ಸಿನಲ್ಲಿ ಸ್ತನದ ಅಂಗಾಂಶವು ದಟ್ಟವಾಗಿರುವುದರಿಂದ ಅಲ್ಟ್ರಾಸೌಂಡ್ ಹೆಚ್ಚು ಉಪಯುಕ್ತ. ಗಂಟಿನೊಳಗೆ ನೀರಿದೆಯೋ, ಅದು ಘನವಾಗಿದೆಯೋ ಎಂಬುದನ್ನು ಅದು ತಿಳಿಸುತ್ತದೆ.

ಮೂರನೆಯದು ಬಯಾಪ್ಸಿ. ಗಂಟಿನ ಭಾಗವನ್ನು ಮರಗಟ್ಟಿಸಿ, ಸೂಜಿಯಿಂದ ಅಂಗಾಂಶದ ಚೂರನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಸೂಜಿ ತಾಗಿದರೆ ರೋಗ ಹರಡುವುದೆಂಬ ಭಯಕ್ಕೆ ಆಧಾರವಿಲ್ಲ. ಕ್ಯಾನ್ಸರ್ ಹೌದೋ ಅಲ್ಲವೋ ಎಂಬ ಅಂತಿಮ ತೀರ್ಪು ಈ ಚೂರಿನದೇ.

ರೋಗ ಖಚಿತವಾದರೆ ಅದೇ ಚೂರು ಮತ್ತಷ್ಟು ಹೇಳುತ್ತದೆ. ಜೀವಕೋಶಗಳು ಹಾರ್ಮೋನುಗಳಿಗೆ ಸ್ಪಂದಿಸುವವೇ, ಹರ್-2 ಎಂಬ ಪ್ರೋಟೀನು ಅವುಗಳಲ್ಲಿ ಅಧಿಕವಾಗಿದೆಯೇ ಎಂಬುದನ್ನು ಅರಿತು ಔಷಧಿಯನ್ನು ಆಯ್ದುಕೊಳ್ಳುತ್ತಾರೆ. ಅಗತ್ಯವಿದ್ದಲ್ಲಿ ಸಿ.ಟಿ. ಮತ್ತು ಮೂಳೆಯ ಸ್ಕ್ಯಾನುಗಳಿಂದ ರೋಗದ ವ್ಯಾಪ್ತಿಯನ್ನು ಅಳೆಯುತ್ತಾರೆ.

1973ರಲ್ಲಿ ಸ್ಥಾಪಿತವಾದ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಿರುವ ಬೆಂಗಳೂರು ಸಿಂಧನೂರಿಗೆ ಸುಮಾರು 400 ಕಿಲೋಮೀಟರ್ ದೂರ. ಅದರ ಶಾಖೆಯೊಂದು ಕಲಬುರಗಿಯಲ್ಲಿದೆ. ಆದರೆ ಮೊದಲ ಮೆಟ್ಟಿಲಿಗೆ ಅಷ್ಟು ದೂರ ಹೋಗಬೇಕಿಲ್ಲ. ಮೂವತ್ತು ದಾಟಿದ ಮಹಿಳೆಯರ ಸ್ತನ ತಪಾಸಣೆಯು ಸರ್ಕಾರಿ ಆರೋಗ್ಯ ಕೇಂದ್ರಗಳ ಕಾರ್ಯಕ್ರಮದಲ್ಲಿಯೇ ಸೇರಿದೆ. ಬಚ್ಚಿಟ್ಟ ಗಂಟು ಬೆಳೆಯಬಹುದು. ತೋರಿಸಿದ ಗಂಟಿಗೆ ಉತ್ತರ ದೊರೆಯುತ್ತದೆ. ಮನೆಯ ತಾಯಂದಿರಿಗೆ ಈ ಮಾತನ್ನು ತಿಳಿಸುವುದು ಓದು ಬಲ್ಲ ಮಕ್ಕಳ ಕರ್ತವ್ಯವಾಗಿದೆ.